‘ಸಕ್ಕರೆ ಬೇಡ’ ಎಂದು ಕಲಿತೆ

ಕೆಲಸ ಸಿಕ್ಕಿ ಬ್ಯಾಂಕಾಕ್‌ಗೆ ಬಂದಾಗ ನನಗಿದ್ದದ್ದು ಖಾರದ ಭಯ. ಸಕ್ಕರೆಯ ಯೋಚನೆಯೇ ಬಂದಿರಲಿಲ್ಲ. ಇಲ್ಲಿ ಹಸಿ ಪಪ್ಪಾಯಿಯ ಸೋಮ್ ತಾಮ್‌ಗೂ ತಾಳೆಬೆಲ್ಲ, ಚಹಾಕ್ಕೆ ಕಂಡೆನ್ಸ್ಡ್ ಮಿಲ್ಕ್. ನೂಡಲ್ಸ್ ಅಂಗಡಿಯ ಮೇಜಿನ ಮೇಲೆ ಮೆಣಸಿನಪುಡಿ, ಫಿಶ್ ಸಾಸ್ ಪಕ್ಕದಲ್ಲೇ ಸಕ್ಕರೆ ಡಬ್ಬಿ!

ವರ್ಷದೊಳಗೆ ರಕ್ತಪರೀಕ್ಷೆ ಹೇಳಿತು: ಮಧುಮೇಹದ ಹೊಸ್ತಿಲಲ್ಲಿದ್ದೀಯ. ಊರಲ್ಲಿ ಅಪ್ಪ ದಿನಾ ಚುಚ್ಚಿಕೊಳ್ಳುವ ಇನ್ಸುಲಿನ್ ನೆನಪಾಯಿತು.

ಹೆಚ್ಚುವರಿ ಸಕ್ಕರೆ ದಿನಕ್ಕೆ 25 ಗ್ರಾಂ, ಅಂದರೆ ಸುಮಾರು ಆರು ಚಮಚ ದಾಟದಿದ್ದರೆ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸಿಹಿ ಪಾನೀಯಗಳ ಸಕ್ಕರೆಗೆ ಇಲ್ಲಿ 2017ರಿಂದ ತೆರಿಗೆಯಿದೆ, ಬೀದಿಬದಿಯ ಬಾಣಲೆಗಿಲ್ಲ. ಅಲ್ಲಿ ನಾವೇ ಬಾಯಿ ಬಿಡಬೇಕು.

ಈಗ ‘ಮೈ ಸೈ ನಾಮ್ ತಾನ್’, ಸಕ್ಕರೆ ಹಾಕಬೇಡಿ ಎನ್ನುತ್ತೇನೆ. ಅಂಗಡಿಯ ಅಜ್ಜಿ ನಕ್ಕು ಚಮಚ ಕೆಳಗಿಡುತ್ತಾರೆ.

ಪರದೇಶಕ್ಕೆ ಹೊರಟಿದ್ದೀರಾ? ಅಲ್ಲಿನ ಭಾಷೆಯಲ್ಲಿ ‘ನಮಸ್ಕಾರ’ದ ಜೊತೆ ‘ಬೇಡ’ವನ್ನೂ ಕಲಿತು ಹೋಗಿ.