ಮೈಲು ಒಂದೇ, ತಾಸು ಬೇರೆ

ಲಂಡನ್ನಿನ ಹೀಥ್ರೊ ವಿಮಾನನಿಲ್ದಾಣಕ್ಕೂ ನ್ಯೂಯಾರ್ಕಿನ ಕೆನೆಡಿ ವಿಮಾನನಿಲ್ದಾಣಕ್ಕೂ ನಡುವೆ ಅಟ್ಲಾಂಟಿಕ್ ಮಹಾಸಾಗರವು ಹಬ್ಬಿಕೊಂಡಿದೆ. ಇವುಗಳ ಅಂತರವು ಸುಮಾರು 3,450 ಮೈಲು, ಎಂದರೆ 5,550 ಕಿಲೋಮೀಟರು. ಯಾವ ಕಡೆಯಿಂದ ಅಳೆದರೂ ಅದು ಗೇಣುದ್ದವೂ ಹೆಚ್ಚುಕಡಮೆಯಾಗದು. ಆದರೂ ನ್ಯೂಯಾರ್ಕಿನಿಂದ ಲಂಡನ್ನಿಗೆ ಬರುವವನಿಗೆ ಸುಮಾರು ಏಳು ತಾಸು ಸಾಕು. ಲಂಡನ್ನಿನಿಂದ ಅಲ್ಲಿಗೆ ಹೋಗುವವನಿಗೆ ಎಂಟು ತಾಸು ಬೇಕು. ಇದಕ್ಕೆ ಕಾರಣವೇನೆಂದು ವಾಚಕರು ಕೇಳುವದು ಸಹಜವಾಗಿದೆ.

ಗಡಿಯಾರವನ್ನು ನೋಡಿದರೆ ಗೊಂದಲವು ಇನ್ನೂ ಹೆಚ್ಚುವದು. ಲಂಡನ್ನಿನಿಂದ ಬೆಳಿಗ್ಗೆ 10ಕ್ಕೆ ಹೊರಟವನು ನ್ಯೂಯಾರ್ಕಿನಲ್ಲಿ ಮಧ್ಯಾಹ್ನ 1ಕ್ಕೆ ಇಳಿಯುವನು; ಅಲ್ಲಿಂದ ರಾತ್ರಿ 8ಕ್ಕೆ ಹೊರಟವನು ಮರುದಿನ ಬೆಳಿಗ್ಗೆ 8ಕ್ಕೆ ಲಂಡನ್ನನ್ನು ಸೇರುವನು. ಮೂರು ತಾಸೆಲ್ಲಿ, ಹನ್ನೆರಡು ತಾಸೆಲ್ಲಿ! ಆದರೆ ಇದು ಎರಡು ಊರುಗಳ ಗಡಿಯಾರಗಳಿಗಿರುವ ಐದು ತಾಸಿನ ವ್ಯತ್ಯಾಸದ ಆಟವಷ್ಟೆ. ನಿಜವಾದ ಕಾರಣವು ಗಾಳಿಯಲ್ಲಿದೆ.

ಸಾಗರದ ಮೇಲೆ ಸುಮಾರು 10 ಕಿಲೋಮೀಟರು ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಗಾಳಿಯ ಹೊಳೆಯು ಹರಿಯುತ್ತಿದೆ. ಚಳಿಗಾಲದಲ್ಲಿ ಅದರ ರಭಸವು ಬಹಳ. ಪೂರ್ವಕ್ಕೆ ಬರುವ ವಿಮಾನವು ಅದರ ಬೆನ್ನೇರುವದು. ಪಶ್ಚಿಮಕ್ಕೆ ಹೋಗುವದು ಅದರಿಂದ ದೂರ ಸರಿಯುವದು. ಹತ್ತಿರದ ದಾರಿಯೇ ಬೇಗನೆಯ ದಾರಿಯೆಂಬ ನಿಯಮವು ಇಲ್ಲಿ ನಡೆಯದು. 2020ರ ಫೆಬ್ರವರಿಯಲ್ಲಿ ಬಿರುಗಾಳಿಯ ನೆರವಿನಿಂದ ಒಂದು ಪ್ರಯಾಣಿಕ ವಿಮಾನವು 4 ತಾಸು 56 ನಿಮಿಷಗಳಲ್ಲಿಯೇ ಲಂಡನ್ನನ್ನು ಮುಟ್ಟಿತು.

ಪೂರ್ವಿಕ ವೈಮಾನಿಕರೂ ಗಾಳಿಯ ಈ ಒಲವನ್ನು ಅನುಭವಿಸಿದವರೇ. 1919ರಲ್ಲಿ ಆಲ್ಕಾಕ್ ಮತ್ತು ಬ್ರೌನರು ನ್ಯೂಫೌಂಡ್‌ಲೆಂಡಿನಿಂದ ಐರ್ಲೆಂಡಿಗೆ 16 ತಾಸಿನೊಳಗೆ ಹಾರಿ ಬಂದರು. ಎದುರುಗಾಳಿಯ ದಿಕ್ಕಿನಲ್ಲಿ ವಿಮಾನವೊಂದು ನಡುವೆ ಎಲ್ಲಿಯೂ ಇಳಿಯದೆ ಸಾಗರವನ್ನು ದಾಟಲು 1928ರ ವರೆಗೆ ಕಾಯಬೇಕಾಯಿತು. ಆ ‘ಬ್ರೆಮೆನ್’ ವಿಮಾನವು ಐರ್ಲೆಂಡಿನಿಂದ ನ್ಯೂಯಾರ್ಕಿಗೆಂದು ಹೊರಟು, ಸುಮಾರು 36 ತಾಸು ಹೆಣಗಿ, ಕೆನಡಾದ ಗ್ರೀನ್ಲಿ ನಡುಗಡ್ಡೆಯಲ್ಲಿ ಇಳಿಯಿತು.

1958ರಲ್ಲಿ ಜೆಟ್ ವಿಮಾನಗಳ ಸಂಚಾರವು ಆರಂಭವಾಯಿತು. ಅಂದಿನಿಂದ ಈ ದಾರಿಯ ತಾಸುಗಳು ಹೆಚ್ಚೇನೂ ಇಳಿದಿಲ್ಲ. ಶಬ್ದಕ್ಕಿಂತ ವೇಗವುಳ್ಳ ‘ಕಾಂಕಾರ್ಡ್’ 1996ರಲ್ಲಿ ನ್ಯೂಯಾರ್ಕಿನಿಂದ ಲಂಡನ್ನಿಗೆ ಮೂರು ತಾಸಿನೊಳಗೆ ಬಂದು ದಾಖಲೆ ಮಾಡಿತು; ಆದರೆ 2003ರಲ್ಲಿ ಅದರ ಸಂಚಾರವೇ ನಿಂತಿತು. ನೂರು ಜನರನ್ನಷ್ಟೇ ಹೊತ್ತು, ಇಂಧನವನ್ನು ಹೇರಳವಾಗಿ ಸುಟ್ಟು, ಭಾರಿ ದರವನ್ನು ಕೇಳುವ ವೇಗವು ಸಿರಿವಂತರ ಸೊತ್ತಾಗಿಯೇ ಉಳಿಯಿತು.

ಇದನ್ನು ವಿಜ್ಞಾನದ ಸೋಲೆಂದು ಕೆಲವರು ಮರುಗುವರು. ನಮಗೆ ಹಾಗೆ ತೋರುವದಿಲ್ಲ. ಮೂರು ತಾಸಿನಲ್ಲಿ ನೂರು ಮಂದಿ ದಾಟುವದಕ್ಕಿಂತ ಏಳೆಂಟು ತಾಸಿನಲ್ಲಿ ಮುನ್ನೂರು ಮಂದಿ, ಅವರಲ್ಲಿಯೂ ವಿದ್ಯಾರ್ಥಿಗಳು, ಕೂಲಿಕಾರರು, ಮಕ್ಕಳನ್ನು ಕಾಣಲು ಹೊರಟ ಮುದಿ ತಾಯಿತಂದೆಗಳು ದಾಟುವದೇ ಮೇಲು. ಅತಿವೇಗದ ವಿಮಾನಗಳನ್ನು ಮತ್ತೆ ಹಾರಿಸಬೇಕೆಂಬ ಉತ್ಸಾಹವು ಈಗ ತಲೆಯೆತ್ತಿದೆ. ಎಷ್ಟು ತಾಸು ಉಳಿಯಿತೆಂಬುದರ ಜೊತೆಗೆ, ಯಾರಿಗೆ ಉಳಿಯಿತು, ಯಾರ ವೆಚ್ಚದಿಂದ ಉಳಿಯಿತೆಂಬುದನ್ನೂ ಪ್ರಾಜ್ಞರು ವಿಚಾರಿಸತಕ್ಕದ್ದು.