ಇನ್ನು 700 ಅಡಿ ಬಾಕಿ ಇತ್ತು!

‘ಎವರೆಸ್ಟ್ ಏರಿದ ಮೊದಲ ಭಾರತೀಯ ತಂಡದ ನಾಯಕ ಯಾರು?’

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಉತ್ತರ ಬಾಯಿಪಾಠ: ಎಂ.ಎಸ್. ಕೊಹ್ಲಿ, 1965. ನಾನೂ ಗೈಡ್‌ನಲ್ಲಿ ಆ ಸಾಲಿಗೆ ಗೆರೆ ಎಳೆದು ಪುಟ ತಿರುಗಿಸಿದ್ದೆ. ಆ ಒಂದು ಸಾಲಿನ ಹಿಂದೆ ಐದು ವರ್ಷಗಳ ಕಥೆ ಇದೆ ಅಂತ ಗೊತ್ತಾಗಿದ್ದು ನಾನೇ ಎರಡು ಸಲ ಫೇಲಾದ ಮೇಲೆ.

ನನ್ನೂರು ಬಸ್ತಿಹಳ್ಳಿ. ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನ ನೋಡಲು ಬಂದವರಲ್ಲಿ ಕೆಲವರಷ್ಟೇ ಇನ್ನೂ ಸ್ವಲ್ಪ ದೂರ ನಡೆದು ನಮ್ಮೂರಿನ ಜೈನ ಬಸದಿಗಳಿಗೆ ಬರುತ್ತಾರೆ. ಪಾರ್ಶ್ವನಾಥ ಬಸದಿಯ ಕಂಬಗಳು ಎಷ್ಟು ನುಣುಪೆಂದರೆ ನಿಂತವರ ಮುಖ ಅದರಲ್ಲಿ ಕಾಣುತ್ತದೆ. ಪದವಿ ಮುಗಿಸಿ ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ಓದಲು ಕೂತಾಗ ಆ ಕಂಬದಲ್ಲಿ ಮುಖ ನೋಡಿಕೊಂಡು ‘ಖಾಕಿ ಒಪ್ಪುತ್ತೆ ಕಣೋ’ ಎಂದು ಗೆಳೆಯರ ಹತ್ತಿರ ಬೀಗಿದವನು ನಾನು.

ಮೊದಲ ಸಲ ಲಿಖಿತ ಪರೀಕ್ಷೆಯಲ್ಲಿ ಎರಡು ಅಂಕ ಕಡಿಮೆ ಬಿತ್ತು. ಎರಡನೇ ಸಲ ಅದನ್ನು ದಾಟಿದೆ. ಆದರೆ ಓಟದ ಕೊನೆಯ ಸುತ್ತಿನಲ್ಲಿ ಮೀನಖಂಡ ಹಿಡಿದುಕೊಂಡಿತು. ನಾಲ್ಕು ಸೆಕೆಂಡ್ ತಡ! ಎರಡೇ ಅಂಕ, ನಾಲ್ಕೇ ಸೆಕೆಂಡ್ ಎಂದು ಎಷ್ಟು ರಾತ್ರಿ ಲೆಕ್ಕ ಹಾಕಿದೆನೋ. ಊರಲ್ಲಿ ಯಾರಾದರೂ ‘ಏನಾಯ್ತಪ್ಪಾ ಕೆಲ್ಸ?’ ಎಂದರೆ ಬೇರೆ ದಾರಿ ಹಿಡಿಯುತ್ತಿದ್ದೆ.

ಆ ದಿನಗಳಲ್ಲೇ ಗ್ರಂಥಾಲಯದಲ್ಲಿ ಎವರೆಸ್ಟ್ ಕಥೆ ಪೂರ್ತಿ ಓದಿದೆ. 1960ರಲ್ಲಿ ಬ್ರಿಗೇಡಿಯರ್ ಗ್ಯಾನ್ ಸಿಂಗ್ ನಾಯಕತ್ವದಲ್ಲಿ ನಮ್ಮವರ ಮೊದಲ ತಂಡ ಹೋಗಿತ್ತು. ನರೇಂದ್ರ ಕುಮಾರ್, ಸೋನಮ್ ಗ್ಯಾತ್ಸೊ, ನವಾಂಗ್ ಗೊಂಬು ಮೂವರೂ ತುದಿಗೆ ಇನ್ನು ಸುಮಾರು 700 ಅಡಿ ಇರುವಾಗ ಬಿರುಗಾಳಿಗೆ ಸಿಕ್ಕಿ ವಾಪಸಾದರು. 1962ರಲ್ಲಿ ಮೇಜರ್ ಜಾನ್ ಡಯಾಸ್ ತಂಡ ಹೋಯಿತು. ಈ ಸಲ ಕೊಹ್ಲಿ, ಗ್ಯಾತ್ಸೊ, ಹರಿ ಡಾಂಗ್ ಸುಮಾರು 400 ಅಡಿ ಕೆಳಗಿನಿಂದ ಹಿಂದಿರುಗಿದರು. ಗ್ಯಾತ್ಸೊಗೆ ಅದು ಎರಡನೇ ಸಲ!

ಇಷ್ಟು ಹತ್ತಿರ ಹೋಗಿ ಯಾಕೆ ಬಿಟ್ಟರು ಅನ್ನಿಸಿತು. 8,000 ಮೀಟರ್ ದಾಟಿದರೆ ಸಮುದ್ರಮಟ್ಟದಲ್ಲಿ ಸಿಗುವ ಆಮ್ಲಜನಕದ ಮೂರನೇ ಒಂದು ಭಾಗ ಮಾತ್ರ ಸಿಗುತ್ತದೆ. ಇದ್ದ ಶಕ್ತಿಯನ್ನೆಲ್ಲ ಹತ್ತುವುದಕ್ಕೇ ಸುರಿದರೆ ಇಳಿಯಲು ಏನೂ ಉಳಿಯುವುದಿಲ್ಲ. ಆ ದಿನ ಹಟ ಹಿಡಿದಿದ್ದರೆ ಅವರಿಗೆ ಮುಂದಿನ ವರ್ಷಗಳೇ ಇರುತ್ತಿರಲಿಲ್ಲ.

1965ರಲ್ಲಿ ಕೊಹ್ಲಿ ನಾಯಕರಾಗಿ ಹೋದರು. ಮೇ 20ರಂದು ಎ.ಎಸ್. ಚೀಮಾ ಜೊತೆ ಗೊಂಬು ತುದಿ ಮುಟ್ಟಿದರು. 1963ರಲ್ಲೇ ಅಮೆರಿಕದ ತಂಡದೊಂದಿಗೆ ಏರಿದ್ದ ಗೊಂಬು, ಎವರೆಸ್ಟನ್ನು ಎರಡು ಸಲ ಏರಿದ ಮೊದಲಿಗರಾದರು. ಮೇ 22ರಂದು ಸೋನಮ್ ವಾಂಗ್ಯಾಲ್ ಜೊತೆ ಗ್ಯಾತ್ಸೊ ಹತ್ತಿದರು. ಮೇ 29ರ ಹೊತ್ತಿಗೆ ಒಟ್ಟು ಒಂಬತ್ತು ಮಂದಿ! ಆ ದಾಖಲೆ 17 ವರ್ಷ ಉಳಿಯಿತು. ನಾಯಕ ಕೊಹ್ಲಿ ಮಾತ್ರ ಆ ಒಂಬತ್ತರಲ್ಲಿ ಇರಲಿಲ್ಲ.

‘ಮೂರನೇ ಸಲ ಗೆಲುವು ಗ್ಯಾರಂಟಿ’ ಎಂದುಕೊಂಡು ಖುಷಿಯಾದೆ. ಆಮೇಲೆ ನರೇಂದ್ರ ಕುಮಾರ್ ನೆನಪಾದರು. 1960ರಲ್ಲಿ ಅದೇ ಜಾಗದಿಂದ ವಾಪಸಾದವರು. 1961ರಲ್ಲಿ ನೀಲಕಂಠ ಪರ್ವತದಲ್ಲಿ ಹಿಮಕಡಿತದಿಂದ ಕಾಲ್ಬೆರಳುಗಳನ್ನು ಕಳೆದುಕೊಂಡರು. 1965ರಲ್ಲಿ ತಂಡದ ಉಪನಾಯಕರಾಗಿ ದುಡಿದರೂ ಎವರೆಸ್ಟ್ ತುದಿ ಅವರಿಗೆ ಸಿಗಲೇ ಇಲ್ಲ. ಆದರೆ 1977ರಲ್ಲಿ ಕಾಂಚನಜುಂಗಾಕ್ಕೆ ಈಶಾನ್ಯದ ಕಡೆಯಿಂದ ಮೊದಲ ಬಾರಿಗೆ ದಾರಿ ಮಾಡಿದ್ದು ಅವರ ತಂಡ. 1978ರಿಂದ ಸಿಯಾಚಿನ್ ಸುತ್ತಿ ಅವರು ತಂದ ಮಾಹಿತಿಯೇ 1984ರ ‘ಆಪರೇಷನ್ ಮೇಘದೂತ್’ಗೆ ನೆರವಾಯಿತು.

ಈ ಕಥೆಯನ್ನು ಅಪ್ಪನಿಗೆ ಉತ್ಸಾಹದಿಂದ ಹೇಳಿದೆ. ಅಪ್ಪ ತೆಂಗಿನಕಾಯಿ ಸುಲಿಯುತ್ತಲೇ ಕೇಳಿದರು: ‘ಅವ್ರು ಬೆರಳು ಹೋದ್ಮೇಲೆ ಜೀವನಕ್ಕೆ ಏನ್ ಮಾಡಿದ್ರು?’

‘ಸೈನ್ಯದಲ್ಲಿ ಆಫೀಸರ್ ಆಗಿದ್ರಲ್ಲಪ್ಪಾ.’

‘ಹಂಗಾದ್ರೆ ಅವ್ರಿಗೆ ಕೆಲ್ಸ ಇತ್ತು. ನಿಂಗೆ ಏನೈತೆ ಮಗಾ?’

ಉತ್ತರ ಇರಲಿಲ್ಲ. ಎರಡು ದಿನ ಅಪ್ಪನ ಮೇಲೆ ಮುನಿಸಿಕೊಂಡಿದ್ದೆ. ಮೂರನೇ ದಿನ ಹಳೇಬೀಡಿನ ಗೊಬ್ಬರದಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದೆ. ಪರ್ವತಾರೋಹಿಗಳು ಬೇಸ್ ಕ್ಯಾಂಪ್ ಹಾಕದೆ ಮೇಲೆ ಹೋಗುವುದಿಲ್ಲ. ನನ್ನ ಬೇಸ್ ಕ್ಯಾಂಪ್ ಇದೇ ಎಂದುಕೊಂಡೆ. ಸಂಬಳ ಕಡಿಮೆ. ಆದರೆ ಅರ್ಜಿ ಶುಲ್ಕಕ್ಕೆ, ಬೂಟಿಗೆ ಈಗ ಅಪ್ಪನ ಮುಂದೆ ಕೈಚಾಚುವುದಿಲ್ಲ. ಮಧ್ಯಾಹ್ನ ಅಂಗಡಿ ಖಾಲಿ ಇದ್ದಾಗ ಗೈಡ್ ತೆಗೆಯುತ್ತೇನೆ.

ವಯೋಮಿತಿಯೊಳಗೆ ನನಗೆ ಇನ್ನೊಂದೇ ಅವಕಾಶ ಉಳಿದಿದೆ. ಬೆಳಿಗ್ಗೆ ಐದಕ್ಕೆ ಎದ್ದು ಪುಷ್ಪಗಿರಿ ಬೆಟ್ಟದ ಕಡೆ ಓಡುತ್ತೇನೆ. ಈ ಸಲವೂ ಆಗದಿದ್ದರೆ? ಗ್ಯಾತ್ಸೊ ತರಹ ಮೂರನೇ ಸಲ ತುದಿ ಮುಟ್ಟುತ್ತೇನೋ, ಕುಮಾರ್ ತರಹ ಬೇರೆ ಬೆಟ್ಟ ಹುಡುಕಬೇಕೋ ಗೊತ್ತಿಲ್ಲ. ಎರಡಕ್ಕೂ ಕಾಲು ಗಟ್ಟಿ ಇರಬೇಕು.

ಹೋದ ವಾರ ಗೊಬ್ಬರ ಕೊಳ್ಳಲು ಬಂದ ಊರಿನವರೊಬ್ಬರು ‘ಏನಾಯ್ತಪ್ಪಾ ಪೊಲೀಸ್ ಕೆಲ್ಸ?’ ಎಂದರು. ‘ಎರಡು ಸಲ ಆಗ್ಲಿಲ್ಲ ಅಣ್ಣಾ, ಇನ್ನೊಂದ್ಸಲ ನೋಡ್ತೀನಿ’ ಎಂದು ಬಿಲ್ ಬರೆದು ಕೊಟ್ಟೆ.