ಸ್ಲೋ ಕುಕ್ಕರಿನ ಕೋಳಿ ಪಾಸ್ತಾ: ಬೆಂದಿದೆಯೋ, ಬರೀ ಬೆಚ್ಚಗಿದೆಯೋ?

ಕೊಲ್ಲಿಯಿಂದ ರಜೆಗೆ ಬರುವವರ ಪೆಟ್ಟಿಗೆಯಲ್ಲಿ ಈಗೀಗ ಖರ್ಜೂರ, ಅತ್ತರಿನ ಜೊತೆಗೆ ಸ್ಲೋ ಕುಕ್ಕರ್ ಕೂಡ ಬರುತ್ತಿದೆ. ಒಳಗೊಂದು ದಪ್ಪ ಪಿಂಗಾಣಿ ಪಾತ್ರೆ, ಮೇಲೊಂದು ಗಾಜಿನ ಮುಚ್ಚಳ, ತಿರುಗಿಸಲು ಒಂದು ಗುಂಡಿ. ನಿಮ್ಮ ಮನೆಯಲ್ಲೂ ಒಂದಿದ್ದರೆ ಮಕ್ಕಳು ಮೊದಲು ಕೇಳಿದ ಅಡುಗೆ ಯಾವುದೆಂದು ಊಹಿಸಬಲ್ಲೆ: ಕ್ರೀಮ್ ಹಾಕಿದ ಚಿಕನ್ ಪಾಸ್ತಾ. ಮಧ್ಯಾಹ್ನ ಎಲ್ಲವನ್ನೂ ಹಾಕಿ ಮುಚ್ಚಿಟ್ಟರೆ ಸಂಜೆಗೆ ಸಿದ್ಧ. ಉದ್ಯೋಗಕ್ಕೆ ಹೋಗುವ ತಾಯಂದಿರಿಗೂ, ರಮಝಾನಿನಲ್ಲಿ ಅಸರ್ ನಂತರ ಒಲೆಯ ಮುಂದೆ ಬೆವರುವ ಹೆಂಗಸರಿಗೂ ಇದೊಂದು ದೊಡ್ಡ ನೆಮ್ಮದಿ. ಆ ನೆಮ್ಮದಿಯನ್ನು ಕಿತ್ತುಕೊಳ್ಳಲು ನಾನು ಬರೆಯುತ್ತಿಲ್ಲ. ಆದರೆ ನಮ್ಮ ಊರಿನ ಕರೆಂಟು, ನಮ್ಮ ಸೆಖೆ ಇವೆರಡರ ನಡುವೆ ಈ ಅಡುಗೆ ಮಾಡುವಾಗ ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. ಕುಕ್ಕರಿನ ಜೊತೆ ಬರುವ ಪುಸ್ತಕದಲ್ಲಿ ಅವು ಸಾಮಾನ್ಯವಾಗಿ ಇರುವುದಿಲ್ಲ.

ನಿಧಾನವಾಗಿ ಬೇಯಿಸುವುದು ನಮಗೆ ಹೊಸತಲ್ಲ. ನಿಹಾರಿ ಎಂಬ ಹೆಸರೇ ಹಗಲು ಎಂಬರ್ಥದ 'ನಹಾರ್' ಎಂಬ ಅರಬಿ ಪದದಿಂದ ಬಂದದ್ದು. ರಾತ್ರಿಯಿಡೀ ಬೆಂದು ಬೆಳಗಿನ ಊಟಕ್ಕೆ ಒದಗುವ ಅಡುಗೆ ಅದು. ಹಲೀಮ್, ಕೊಲ್ಲಿಯ ಹರೀಸ್, ದಮ್ ಬಿರಿಯಾನಿ ಎಲ್ಲವೂ ತಾಳ್ಮೆಯ ಅಡುಗೆಗಳೇ. ಈ ವಿದ್ಯುತ್ ಪಾತ್ರೆಯ ಹಿಂದೆಯೂ ಅಂಥದೇ ಕಥೆಯಿದೆ. 1940ರಲ್ಲಿ ಇದರ ಪೇಟೆಂಟ್ ಪಡೆದ ಅಮೆರಿಕದ ಇರ್ವಿಂಗ್ ನ್ಯಾಕ್ಸನ್, ಲಿಥುವೇನಿಯಾದ ಯಹೂದಿ ಮನೆಗಳ 'ಚೋಲೆಂಟ್' ಬಗ್ಗೆ ತನ್ನ ತಾಯಿಯಿಂದ ಕೇಳಿದ್ದರು. ಶನಿವಾರದ ಊಟಕ್ಕೆಂದು ಶುಕ್ರವಾರ ಸಂಜೆಯೇ ಬೇಕರಿಯ ಒಲೆಯಲ್ಲಿಟ್ಟು ಬೇಯಿಸುವ ಅಡುಗೆ ಅದು. 1971ರಲ್ಲಿ 'ಕ್ರಾಕ್-ಪಾಟ್' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದ ಮೇಲೆ ಇದು ಮನೆಮಾತಾಯಿತು.

ನಿಹಾರಿಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ನಿಹಾರಿಯ ದೇಗಿಯನ್ನು ಮೊದಲು ಚೆನ್ನಾಗಿ ಕುದಿಸಿ ಆಮೇಲೆ ಉರಿ ತಗ್ಗಿಸುತ್ತಾರೆ. ಸ್ಲೋ ಕುಕ್ಕರಿನಲ್ಲಿ ಎಲ್ಲವೂ ತಣ್ಣಗಿದ್ದಾಗ ಆರಂಭವಾಗಿ ಮೆಲ್ಲನೆ ಬಿಸಿಯೇರುತ್ತದೆ. ಆಹಾರದಲ್ಲಿ ಕ್ರಿಮಿಗಳು ಹೆಚ್ಚುವುದು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ. ಈ ಹಂತವನ್ನು ಕೋಳಿ ಎಷ್ಟು ಬೇಗ ದಾಟುತ್ತದೆ ಎಂಬುದರ ಮೇಲೆ ನಿಮ್ಮ ಮನೆಯವರ ಹೊಟ್ಟೆಯ ಸುರಕ್ಷೆ ನಿಂತಿದೆ. ಅನೇಕ ಕುಕ್ಕರುಗಳಲ್ಲಿ 'ಲೋ' ಮತ್ತು 'ಹೈ' ಎರಡೂ ಕೊನೆಗೆ ತಲುಪುವ ಶಾಖ ಹೆಚ್ಚು ಕಡಿಮೆ ಒಂದೇ, ಕುದಿಯುವುದಕ್ಕೆ ತುಸು ಕಡಿಮೆ. ತಲುಪಲು ಹಿಡಿಯುವ ಸಮಯ ಮಾತ್ರ ಬೇರೆ. ಹಾಗಾಗಿ ಕೋಳಿಗೆ 'ಹೈ' ಇಡಿ. 'ವಾರ್ಮ್' ಎಂಬುದು ಬೆಂದದ್ದನ್ನು ಬಿಸಿಯಾಗಿಡಲು ಮಾತ್ರ, ಬೇಯಿಸಲು ಅಲ್ಲ.

ಈಗ ಅಡುಗೆಗೆ ಬರೋಣ. ಐದು ಮಂದಿಗೆ ಅರ್ಧ ಕಿಲೋ ಮೂಳೆಯಿಲ್ಲದ ಕೋಳಿ ಬೇಕು. ತೊಡೆಯ ಮಾಂಸವಾದರೆ ಒಳ್ಳೆಯದು, ಎದೆಯ ಮಾಂಸ ಹೆಚ್ಚು ಹೊತ್ತು ಬೆಂದರೆ ನಾರುನಾರಾಗುತ್ತದೆ. ಫ್ರೀಜರಿನಲ್ಲಿದ್ದ ಕೋಳಿಯಾದರೆ ಹಿಂದಿನ ರಾತ್ರಿಯೇ ಕೆಳಗಿನ ಫ್ರಿಜ್ಜಿಗೆ ಇಳಿಸಿ ಪೂರ್ತಿ ಕರಗಿಸಿ. ಗಟ್ಟಿ ಮಂಜುಗಡ್ಡೆಯಾಗಿರುವ ಕೋಳಿಯನ್ನು ಸ್ಲೋ ಕುಕ್ಕರಿಗೆ ಎಂದೂ ಹಾಕಬೇಡಿ. ಇನ್ನು ತೊಳೆಯುವ ವಿಷಯ. ಕೋಳಿಯನ್ನು ನಲ್ಲಿಯ ಕೆಳಗೆ ರಭಸದಿಂದ ತೊಳೆದರೆ ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್ ಮುಂತಾದ ಕ್ರಿಮಿಗಳು ಸಿಂಕಿನ ಸುತ್ತ ಹಾರಿ ಪಕ್ಕದ ಸೌತೆಕಾಯಿಯ ಮೇಲೂ ಕೂರುತ್ತವೆ. ತೊಳೆಯುವುದರಿಂದ ಅವು ಸಾಯುವುದಿಲ್ಲ, ಬೇಯುವುದರಿಂದ ಸಾಯುತ್ತವೆ. ಅಂಗಡಿಯಿಂದ ತಂದ ಕೋಳಿಯಲ್ಲಿ ರಕ್ತವಿದೆ, ತೊಳೆಯದೆ ಮನಸ್ಸು ಒಪ್ಪುವುದಿಲ್ಲ ಎಂದರೆ ನನಗೆ ಅರ್ಥವಾಗುತ್ತದೆ. ಹಾಗಿದ್ದರೆ ಒಂದು ಅಗಲ ಪಾತ್ರೆಯಲ್ಲಿ ನೀರು ಹಾಕಿ, ಅದರೊಳಗೆ ಮೆಲ್ಲನೆ ಅದ್ದಿ ತೆಗೆಯಿರಿ. ನಂತರ ಸಿಂಕನ್ನೂ ಕೈಯನ್ನೂ ಸೋಪು ಹಾಕಿ ತೊಳೆಯಿರಿ.

ಗ್ಯಾಸಿನ ಮೇಲೆ ಬಾಣಲೆಯಿಟ್ಟು ಎರಡು ಚಮಚ ಎಣ್ಣೆಯಲ್ಲಿ ಎರಡು ಈರುಳ್ಳಿ, ಏಳೆಂಟು ಎಸಳು ಬೆಳ್ಳುಳ್ಳಿ, ಒಂದು ಚೂರು ಶುಂಠಿಯನ್ನು ಬಾಡಿಸಿ. ಕೋಳಿ ತುಂಡುಗಳನ್ನು ಹಾಕಿ ಬಣ್ಣ ತಿರುಗುವವರೆಗೆ ಹುರಿಯಿರಿ. ಒಂದೂವರೆ ಕಪ್ ನೀರು ಸೇರಿಸಿ ಒಂದು ಕುದಿ ಬರಿಸಿ. ಅಷ್ಟರಲ್ಲಿ ಕುಕ್ಕರಿನ ಪಿಂಗಾಣಿಯೊಳಗೆ ಬಿಸಿನೀರು ತುಂಬಿಸಿಟ್ಟು ಅದನ್ನು ಬೆಚ್ಚಗೆ ಮಾಡಿಕೊಳ್ಳಿ. ಆ ನೀರು ಚೆಲ್ಲಿ, ಕುದಿಯುತ್ತಿರುವ ಕೋಳಿಯನ್ನು ತಡಮಾಡದೆ ಅದರೊಳಗೆ ಸುರಿಯಿರಿ. ಈ ಹತ್ತು ನಿಮಿಷದ ಹೆಚ್ಚುವರಿ ಕೆಲಸ ಕೋಳಿಯನ್ನು ಅಪಾಯದ ಹಂತದಿಂದ ಮೊದಲೇ ದಾಟಿಸಿಬಿಡುತ್ತದೆ. ಹೀಗೆ ಅರೆಬರೆ ಹುರಿದದ್ದನ್ನು 'ಸಂಜೆ ನೋಡೋಣ' ಎಂದು ಎತ್ತಿಡಬಾರದು. ಪಾತ್ರೆ ಅರ್ಧಕ್ಕಿಂತ ಹೆಚ್ಚು, ಮುಕ್ಕಾಲಿಗಿಂತ ಕಡಿಮೆ ತುಂಬಿರಲಿ. 'ಹೈ'ಯಲ್ಲಿ ಎರಡೂವರೆಯಿಂದ ಮೂರು ಗಂಟೆ. ನಡುನಡುವೆ ಮುಚ್ಚಳ ತೆಗೆದು ಇಣುಕುವ ಅಭ್ಯಾಸ ಬಿಡಿ. ಪ್ರತಿ ಸಲವೂ ಕಳೆದುಹೋದ ಶಾಖ ಮತ್ತೆ ಏರಲು ಸಾಕಷ್ಟು ಹೊತ್ತು ಬೇಕು.

ಪಾಸ್ತಾ ಮೊದಲೇ ಹಾಕಿದರೆ ಅಂಟಿನ ಮುದ್ದೆಯಾಗುತ್ತದೆ. ಕೊನೆಯ ಅರ್ಧ ಗಂಟೆಗೆ 250 ಗ್ರಾಂ ಪಾಸ್ತಾ ಮತ್ತು ಒಂದೂವರೆ ಕಪ್ ಕುದಿಯುವ ನೀರು ಸೇರಿಸಿ, ಒಮ್ಮೆ ಮಾತ್ರ ತಿರುವಿ. ಕ್ರೀಮ್ ಇನ್ನೂ ಕೊನೆಗೆ, ಇಳಿಸಲು ಹತ್ತು ನಿಮಿಷ ಇರುವಾಗ. ಗಂಟೆಗಟ್ಟಲೆ ಕಾದರೆ ಅದು ಒಡೆದು ಎಣ್ಣೆ ಬಿಡುತ್ತದೆ. ಇಳಿಸುವ ಮುನ್ನ ಎಲ್ಲಕ್ಕಿಂತ ದಪ್ಪ ತುಂಡನ್ನು ಕತ್ತರಿಸಿ ನೋಡಿ. ಒಳಗೆ ಕೆಂಪು ಇರಬಾರದು, ರಸ ತಿಳಿಯಾಗಿರಬೇಕು. ಅಡುಗೆಯ ಥರ್ಮಾಮೀಟರ್ ಇದ್ದರೆ ಒಳಗಿನ ಶಾಖ 74 ಡಿಗ್ರಿ ತೋರಿಸಬೇಕು.

ಯೂನಾನಿಯಲ್ಲಿ ಆಹಾರವನ್ನು ಲತೀಫ್ ಮತ್ತು ಕಸೀಫ್, ಅಂದರೆ ಹಗುರ ಮತ್ತು ಭಾರ ಎಂದು ಗುರುತಿಸುತ್ತೇವೆ. ಕೋಳಿಯ ಯಖ್ನಿ ಹಗುರ, ಚೇತರಿಸಿಕೊಳ್ಳುವ ರೋಗಿಗೂ ಕೊಡುತ್ತೇವೆ. ಅದೇ ಕೋಳಿಗೆ ಕ್ರೀಮ್, ಚೀಸ್ ಮತ್ತು ಪಾಸ್ತಾ ಸೇರಿದರೆ ಕಸೀಫ್ ಆಗುತ್ತದೆ. ಭಾರದ ಆಹಾರವನ್ನು ತಿನ್ನಲೇಬಾರದೆಂದು ಹಕೀಮರು ಹೇಳಲಿಲ್ಲ. ಅದಕ್ಕೆ ಮುಸ್ಲಿಹ್, ಅಂದರೆ ದೋಷ ತಿದ್ದುವ ವಸ್ತು ಸೇರಿಸಿ, ಪ್ರಮಾಣ ತಗ್ಗಿಸಿ ಎಂದರು. ಇಲ್ಲಿ ಶುಂಠಿ, ಬೆಳ್ಳುಳ್ಳಿ, ಕುಟ್ಟಿದ ಕರಿಮೆಣಸು ಆ ಕೆಲಸ ಮಾಡುತ್ತವೆ. ಪ್ರಮಾಣದ ಲೆಕ್ಕವೂ ಸರಳ. ಡಬ್ಬಿಯ ಫ್ರೆಶ್ ಕ್ರೀಮಿನಲ್ಲಿ ಸುಮಾರು ಕಾಲು ಭಾಗ ಕೊಬ್ಬು. 200 ಎಂ.ಎಲ್. ಪೂರ್ತಿ ಸುರಿದರೆ 50 ಗ್ರಾಂ ಕೊಬ್ಬು, ತಲೆಗೆ ಹತ್ತು. ನೂರು ಎಂ.ಎಲ್. ಸಾಕು, ಅದೇ ನೀರಿನಲ್ಲಿ ಬೆಂದ ಪಾಸ್ತಾದ ಪಿಷ್ಟವೇ ಸಾರನ್ನು ಗಟ್ಟಿ ಮಾಡುತ್ತದೆ. 250 ಗ್ರಾಂ ಪಾಸ್ತಾ ಐವರಿಗೆ ಹಂಚಿದರೆ ತಲೆಗೆ ಐವತ್ತು ಗ್ರಾಂ, ಸಕ್ಕರೆ ಕಾಯಿಲೆಯವರು ಅಲ್ಲಿಗೇ ನಿಲ್ಲಿಸಿ ಜೊತೆಗೆ ತರಕಾರಿ ಹೆಚ್ಚು ತೆಗೆದುಕೊಳ್ಳಲಿ. ಪೊಟ್ಟಣದ ಮೇಲೆ ಮೈದಾ ಅಲ್ಲ, ಡ್ಯೂರಮ್ ಗೋಧಿಯ ರವೆ ಎಂದಿದೆಯೇ ನೋಡಿ. ಪಿತ್ತಕೋಶದಲ್ಲಿ ಕಲ್ಲಿರುವವರಿಗೆ ಕ್ರೀಮ್ ಹಾಕುವ ಮೊದಲೇ ಒಂದು ಬಟ್ಟಲು ತೆಗೆದಿಡಿ. ಸ್ಟಾಕ್ ಕ್ಯೂಬ್ ಬೇಡವೆಂಬುದು ನನ್ನ ಮಾತು: ಉಪ್ಪಿನ ರಾಶಿ ಅದು, ಹೊರದೇಶದ್ದಾದರೆ ಯಾವ ಕೋಳಿಯದೆಂದೂ ವಿಚಾರಿಸಬೇಕು. ಚೀಸ್ ಹಾಕುವುದಾದರೆ ಹಸಿರು ಗುರುತಿನದು ಕೊಳ್ಳಿ. ಪ್ರಾಣಿಮೂಲದ ರೆನೆಟ್ ಬಗ್ಗೆ ಚಿಂತೆಯಿರುವುದಿಲ್ಲ.

ಇನ್ನು ಕರೆಂಟಿನ ಮಾತು. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಈ ಕುಕ್ಕರ್ ಸುಮಾರು 200 ವ್ಯಾಟಿನದು, ನಾಲ್ಕು ಗಂಟೆಗೆ ಒಂದು ಯೂನಿಟ್ಟೂ ಖರ್ಚಾಗದು. ಆದರೆ ವೋಲ್ಟೇಜ್ 230ರಿಂದ 180ಕ್ಕೆ ಇಳಿದರೆ ಇದರ ಶಾಖ ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ, ಇನ್ನೂ ಹೆಚ್ಚು ಇಳಿಯುತ್ತದೆ: 200 ವ್ಯಾಟ್ ಸುಮಾರು 120ಕ್ಕೆ ಬರುತ್ತದೆ. ಬೇಸಿಗೆಯ ಸಂಜೆ ಬಲ್ಬು ಮಂಕಾಗುವ ಊರುಗಳಲ್ಲಿ 'ಲೋ' ಎಂಬುದು ಬರೀ ಬೆಚ್ಚಗಿಡುವ ಪೆಟ್ಟಿಗೆಯಾದೀತು. ನೀವು ಮನೆಯಲ್ಲಿರುವಾಗ ಕರೆಂಟು ಹೋದರೆ ಎಲ್ಲವನ್ನೂ ಕೂಡಲೇ ಗ್ಯಾಸಿಗೆ ಬದಲಾಯಿಸಿ ಕುದಿಸಿ ಮುಗಿಸಿ. ಹೊರಗಿದ್ದು ಬಂದಾಗ ಕರೆಂಟು ಎಷ್ಟು ಹೊತ್ತು ಇರಲಿಲ್ಲವೆಂದು ಗೊತ್ತಾಗದಿದ್ದರೆ, ನೋಡಲು ಬೆಂದಂತಿದ್ದರೂ ಚೆಲ್ಲಿಬಿಡಿ. ಗುಂಡಿ ತಿರುಗಿಸುವ ಕುಕ್ಕರ್ ಕರೆಂಟು ಬಂದೊಡನೆ ಏನೂ ಆಗಿಲ್ಲವೆಂಬಂತೆ ಮತ್ತೆ ಶುರುವಾಗುತ್ತದೆ. ಇನ್ವರ್ಟರ್ ಲೈನಿನ ಪ್ಲಗ್ಗಿಗೆ ಇದನ್ನು ಹಾಕಬಹುದೇ ಎಂದು ನಿಮ್ಮ ಎಲೆಕ್ಟ್ರಿಷಿಯನ್‌ನಲ್ಲಿ ಕೇಳಿ. ದುಬೈಯ ಮೂರು ಚಪ್ಪಟೆ ಕಾಲಿನ ಪ್ಲಗ್ ಅನ್ನು ಸಡಿಲ ಅಡಾಪ್ಟರಿಗೆ ತುರುಕಿ ಗಂಟೆಗಟ್ಟಲೆ ಬಿಡುವುದೂ ಬೇಡ, ಅದು ಕಾದು ಕರಗೀತು.

ಪ್ರತಿ ರಮಝಾನಿನಲ್ಲೂ ವಾಂತಿ-ಭೇದಿಯಾಗಿ ಬರುವ ಕುಟುಂಬಗಳನ್ನು ನೋಡುತ್ತೇನೆ. ಕೇಳಿದರೆ ಬಹುಪಾಲು ಒಂದೇ ಉತ್ತರ: ಇಫ್ತಾರಿಗೆ ಮಾಡಿದ್ದು ಉಳಿದಿತ್ತು, ಸಹರಿಗೆ ತಿಂದೆವು. "ಡಾಕ್ಟರೇ, ಚೆನ್ನಾಗಿ ಬಿಸಿ ಮಾಡಿಯೇ ತಿಂದದ್ದಲ್ಲ?" ಎಂದು ತಾಯಿ ಆಶ್ಚರ್ಯಪಡುತ್ತಾರೆ. ಸಂಜೆ ಏಳರಿಂದ ಬೆಳಗಿನ ಜಾವದವರೆಗೆ ಒಂಬತ್ತು ಗಂಟೆ, ಕರಾವಳಿಯ ಸೆಖೆಯಲ್ಲಿ, ಮುಚ್ಚಿದ ದಪ್ಪ ಪಾತ್ರೆಯಲ್ಲಿ! ಪಾಸ್ತಾ ಮತ್ತು ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ಕ್ರಿಮಿಯಾಗಲಿ, ಕೈಯಿಂದ ಸೇರುವ ಸ್ಟ್ಯಾಫಿಲೋಕಾಕಸ್ ಆಗಲಿ ಬಿಟ್ಟ ವಿಷ ಕುದಿಸಿದರೂ ನಾಶವಾಗದಿರಬಹುದು. ಕ್ರಿಮಿ ಸತ್ತರೂ ವಿಷ ಉಳಿಯುತ್ತದೆ. ಸ್ಲೋ ಕುಕ್ಕರಿನ ಪಿಂಗಾಣಿ ಸ್ವಿಚ್ ಆರಿಸಿದ ಮೇಲೂ ಬಹಳ ಹೊತ್ತು ಉಗುರುಬೆಚ್ಚಗೆ ಇರುತ್ತದೆ, ಇದು ಕ್ರಿಮಿಗಳಿಗೆ ಹಬ್ಬ. ಆದ್ದರಿಂದ ಊಟವಾದ ಎರಡು ಗಂಟೆಯೊಳಗೆ, ಕಡು ಬೇಸಿಗೆಯಲ್ಲಿ ಒಂದೇ ಗಂಟೆಯೊಳಗೆ, ಉಳಿದದ್ದನ್ನು ಅಗಲವಾದ ಚಿಕ್ಕ ಡಬ್ಬಿಗಳಿಗೆ ಹಾಕಿ ಫ್ರಿಜ್ಜಿನಲ್ಲಿಡಿ. ತರಾವೀಹ್‌ಗೆ ಹೊರಡುವ ಮುಂಚೆ ಈ ಕೆಲಸ ಮುಗಿದಿರಲಿ.

ಹಾಗೂ ವಾಂತಿ-ಭೇದಿಯಾದರೆ ಉಪವಾಸ ಪೂರ್ತಿಗೊಳಿಸುವ ಹಟ ಬೇಡ, ರೋಗಿಗೆ ರಿಯಾಯಿತಿ ಇದೆ. ಓ.ಆರ್.ಎಸ್. ಪುಡಿಯನ್ನು ಪೊಟ್ಟಣದಲ್ಲಿ ಹೇಳಿದಷ್ಟೇ ನೀರಿನಲ್ಲಿ ಕಲಸಿ ಗುಟುಕು ಗುಟುಕಾಗಿ ಕೊಡಿ. ಮಲದಲ್ಲಿ ರಕ್ತ, ಜೋರು ಜ್ವರ, ಮೂತ್ರ ಕಡಿಮೆಯಾಗುವುದು ಕಂಡರೆ ಮನೆಮದ್ದಿಗೆ ಕಾಯಬೇಡಿ. ರೋಗಿ ಗರ್ಭಿಣಿ, ಹಸುಗೂಸು ಅಥವಾ ಮುದುಕರಾಗಿದ್ದರೂ ಅಷ್ಟೆ, ನೇರ ಆಸ್ಪತ್ರೆಗೆ ಕರೆದೊಯ್ಯಿರಿ. ಯೂನಾನಿ ವೈದ್ಯನಾಗಿ ನಾನೂ ಇದನ್ನೇ ಹೇಳುತ್ತೇನೆ.

ಫ್ರಿಜ್ಜಿನ ಪಾಸ್ತಾವನ್ನು ಮಾರನೆಯ ದಿನ ಬಿಸಿ ಮಾಡುವಾಗ ಸ್ಲೋ ಕುಕ್ಕರ್ ಮುಟ್ಟಬೇಡಿ. ಬಾಣಲೆಯಲ್ಲಿ ಸ್ವಲ್ಪ ಹಾಲು ಚಿಮುಕಿಸಿ, ಹಬೆಯಾಡುವಂತೆ ಕುದಿಸಿ, ಬೇಕಾದಷ್ಟನ್ನು ಮಾತ್ರ ಬಿಸಿ ಮಾಡಿ. ಕೆಲವರು ಇದೇ ಕುಕ್ಕರಿನಲ್ಲಿ ರಾಜ್ಮಾವನ್ನು ನೆನೆಸಿ ನೇರವಾಗಿ ಹಾಕುತ್ತಾರೆ. ಅದೂ ತಪ್ಪು, ರಾಜ್ಮಾದಲ್ಲಿ ಸ್ವಭಾವತಃ ಇರುವ ವಿಷ ಹೋಗಲು ಮೊದಲು ಜೋರಾಗಿ ಕುದಿಯಲೇಬೇಕು. ತೊಳೆಯುವಾಗ ಬಿಸಿ ಪಿಂಗಾಣಿಗೆ ತಣ್ಣೀರು ಸುರಿಯಬೇಡಿ, ಬಿರುಕು ಬಿಡುತ್ತದೆ; ಆ ಬಿರುಕಿನೊಳಗೆ ಕೂತ ಜಿಡ್ಡು ಯಾವ ಸೋಪಿಗೂ ಬರುವುದಿಲ್ಲ.